ಕೇಳದವನ ಬೆಲೆ

ಮಾವ ಮೈಸೂರಿನ ಒಂದು ಬೈಕ್ ಷೋರೂಮಿನಲ್ಲಿ ಲೆಕ್ಕಪತ್ರ ನೋಡಿಕೊಂಡಿದ್ದು ನಿವೃತ್ತರಾದವರು. ಅಳಿಯ ಕಾಲೇಜಿನಲ್ಲಿ ಪಾಠ ಹೇಳುವವನು. 160 ಸಿಸಿಯ ಬೈಕೊಂದಕ್ಕೆ ಕೊಟೇಶನ್ ಬರೆಸಿಕೊಂಡು ಬಂದಿದ್ದಾನೆ. ಷೋರೂಮು ಯಾವುದೆಂದು ಇಬ್ಬರಿಗೂ ಗೊತ್ತು. ಓದುವವರಿಗೆ ಅದು ಬೇಕಿಲ್ಲ, ಯಾಕೆಂದರೆ ಇಂಥ ಚೀಟಿ ಯಾವ ಊರಿನ ಯಾವ ಷೋರೂಮಿನಲ್ಲಾದರೂ ಸಿಗುತ್ತದೆ.

ಅಳಿಯ: ಜಾಹೀರಾತಿನಲ್ಲಿ 1,16,000 ಅಂತ ದಪ್ಪಕ್ಷರ. ಇವರು ಬರೆದುಕೊಟ್ಟಿರೋದು 1,68,000. ನಡುವಿನ 52 ಸಾವಿರ ಯಾರ ಜೇಬಿಗೆ ಹೋಗುತ್ತೆ ಮಾವ? ಇದು ವ್ಯಾಪಾರವೋ ಹಗಲುದರೋಡೆಯೋ?

ಮಾವ: ಮೊದಲು ಚೀಟಿ ಕೊಡು ಇಲ್ಲಿ, ಬೈಯೋದು ಆಮೇಲಿರಲಿ. ಹ್ಞೂಂ... ನೀನು ಹೇಳೋ 52 ಸಾವಿರದಲ್ಲಿ ಹತ್ತಿರ ಹತ್ತಿರ ಅರ್ಧ ವಿಧಾನಸೌಧಕ್ಕೆ ಹೋಗುತ್ತೆ ಕಣೋ. ಲಕ್ಷ ದಾಟಿದ ಬೈಕಿಗೆ ನಮ್ಮ ರಾಜ್ಯದಲ್ಲಿ ಲೈಫ್ ಟ್ಯಾಕ್ಸ್ ನೂರಕ್ಕೆ 18. ಅಂದರೆ 20,880. ಆ ತೆರಿಗೆಯ ಮೇಲೆ ಮತ್ತೆ ನೂರಕ್ಕೆ 11 ಸೆಸ್ಸು. ಅಲ್ಲಿಗೆ 23 ಸಾವಿರ ದಾಟಿತು. ಸಾರಿಗೆ ಕಾರ್ಮಿಕರ ಹೆಸರಿನಲ್ಲಿ ಈಚೆಗೆ ಸೇರಿದ್ದು 500. ನೋಂದಣಿ ಶುಲ್ಕ 300, ಸ್ಮಾರ್ಟ್ ಕಾರ್ಡಿಗೆ 200. ಇದರಲ್ಲಿ ಡೀಲರಿನ ಪಾಪ ಏನೂ ಇಲ್ಲ.

ಅಳಿಯ: ಅಷ್ಟೊಂದು ತೆರಿಗೆಯಾ!

ಮಾವ: ಲಕ್ಷದ ಒಳಗಿದ್ದಿದ್ದರೆ 12. ತಮಾಷೆ ನೋಡು, 99 ಸಾವಿರದ ಬೈಕಿಗೆ 11,880 ಕಟ್ಟಿದರೆ 1,01,000ದ ಬೈಕಿಗೆ 18,180. ಬೆಲೆಯಲ್ಲಿ ಎರಡು ಸಾವಿರ ವ್ಯತ್ಯಾಸ, ತೆರಿಗೆಯಲ್ಲಿ ಆರು ಸಾವಿರದ ಮೇಲೆ. 2025ರ ಸೆಪ್ಟೆಂಬರ್ 22ರಂದು 350 ಸಿಸಿವರೆಗಿನ ಗಾಡಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳೀತಲ್ಲ, ಆಗ ಲಕ್ಷದ ಗೆರೆಯಿಂದ ಕೆಳಗೆ ಬಂದ ಗಾಡಿ ಕೊಂಡವರಿಗೆ ಎರಡೂ ಕಡೆ ಲಾಭ. ನಿನ್ನ ಗಾಡಿ ಗೆರೆಯ ಮೇಲೇ ಉಳೀತು.

ಅಳಿಯ: ಸರಿ, ಸರ್ಕಾರದ್ದು ಸರ್ಕಾರಕ್ಕೆ. ನೀವು ಹೇಳಿದ್ದೆಲ್ಲ ಕೂಡಿದರೆ 24,200 ಆಗುತ್ತೆ. ಇಲ್ಲಿ ‘ರೋಡ್ ಟ್ಯಾಕ್ಸ್ ಮತ್ತು ರಿಜಿಸ್ಟ್ರೇಶನ್’ ಅಂತ ಒಂದೇ ಸಾಲಿನಲ್ಲಿ 27,800 ಬರೆದಿದ್ದಾರೆ.

ಮಾವ: ಅದಕ್ಕೇ ಒಂದೇ ಸಾಲು. ಎರಡು ಸಾಲಾಗಿ ಬರೆದರೆ ನೀನು ಕೂಡಿಸಿ ನೋಡ್ತೀಯಲ್ಲ! ಮಿಕ್ಕ ಮೂರೂವರೆ ಸಾವಿರಕ್ಕೆ ಅವರು ಇಟ್ಟಿರೋ ಹೆಸರು ‘ಆರ್‌ಟಿಒ ಖರ್ಚು’. ಹಿಂದೆ ಗಾಡಿಯನ್ನ ಆಫೀಸಿನ ಮುಂದೆ ಸಾಲಾಗಿ ನಿಲ್ಲಿಸಬೇಕಿತ್ತು, ಇನ್‌ಸ್ಪೆಕ್ಟರು ಚಾಸಿ ನಂಬರ್ ಉಜ್ಜಿ ನೋಡಬೇಕಿತ್ತು, ಹುಡುಗನೊಬ್ಬ ದಿನವಿಡೀ ಅಲ್ಲೇ ಕಾಯಬೇಕಿತ್ತು. ಆಗ ಖರ್ಚು ಅಂದರೆ ಒಪ್ಪಬಹುದಿತ್ತು. ಈಗ ಕಂಪನಿಯಿಂದ ಪೂರ್ತಿ ತಯಾರಾಗಿ ಬಂದ ಗಾಡಿಯನ್ನ ಅಲ್ಲಿಗೆ ಒಯ್ಯೋದೇ ಇಲ್ಲ. ಷೋರೂಮಿನ ಕಂಪ್ಯೂಟರಿನಿಂದಲೇ ವಾಹನ್ ತಂತ್ರಾಂಶಕ್ಕೆ ಕಾಗದ ಏರಿಸ್ತಾರೆ, ತೆರಿಗೆಯೂ ಅಲ್ಲೇ ಕಟ್ಟಾಗುತ್ತೆ. ಕೆಲಸ ಕಮ್ಮಿಯಾಯ್ತು, ಖರ್ಚಿನ ಸಾಲು ಮಾತ್ರ ಹಾಗೇ ನಿಂತಿದೆ.

ಅಳಿಯ: ಕೆಳಗಿನ ‘ಹ್ಯಾಂಡ್ಲಿಂಗ್ ಚಾರ್ಜಸ್ 1,800’ ಏನು ಹಾಗಾದ್ರೆ?

ಮಾವ: ಕಾರ್ಖಾನೆಯಿಂದ ಷೋರೂಮಿಗೆ ತರೋದು, ತೊಳೆಯೋದು, ಬ್ಯಾಟರಿ ಹಾಕೋದು. ಇದೆಲ್ಲ ಎಕ್ಸ್ ಷೋರೂಮ್ ಬೆಲೆಯೊಳಗೇ ಬಂದುಹೋಗಿರುತ್ತೆ. ಅದು ಸರ್ಕಾರಿ ಶುಲ್ಕವೂ ಅಲ್ಲ, ಕಂಪನಿಯ ಬೆಲೆಪಟ್ಟಿಯಲ್ಲೂ ಇರಲ್ಲ. ಯಾವ ನಿಯಮದ ಪ್ರಕಾರ ಹಾಕಿದ್ದೀರಿ ಅಂತ ಕೇಳಿ ನೋಡು, ಮ್ಯಾನೇಜರು ಚಹಾ ತರಿಸ್ತಾರೆ.

ಅಳಿಯ: ವಿಮೆಗೆ 14,400 ಹಾಕಿದ್ದಾರೆ. ಅಲ್ಲೇ ಕೂತು ಫೋನಿನಲ್ಲಿ ನೋಡಿದೆ, ಅದೇ ಪಾಲಿಸಿ ಎರಡೂವರೆ ಸಾವಿರ ಕಡಿಮೆ. ಹೊರಗಡೆ ಮಾಡಿಸ್ತೀನಿ ಅಂದದ್ದಕ್ಕೆ, ‘ಮಾಡಿಸ್ಕೊಳ್ಳಿ ಸಾರ್, ಆದ್ರೆ ಡೆಲಿವರಿ ಹದಿನೈದು ದಿನ ಲೇಟಾಗಬಹುದು’ ಅಂದರು.

ಮಾವ: ವಿಮೆಯನ್ನ ಎರಡು ಭಾಗ ಮಾಡಿ ನೋಡಬೇಕು. ಥರ್ಡ್ ಪಾರ್ಟಿ ಭಾಗವನ್ನ ಯಾರೂ ಮುಟ್ಟೋ ಹಾಗಿಲ್ಲ. ಹೊಸ ಬೈಕಿಗೆ ಐದು ವರ್ಷದ್ದು ಒಟ್ಟಿಗೇ ಕಟ್ಟಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿ 2018ರ ಸೆಪ್ಟೆಂಬರಿನಿಂದ ಅದು ಜಾರಿಯಲ್ಲಿದೆ. 150 ಮೀರಿ 350 ಸಿಸಿವರೆಗೆ 7,365 ಅಂತ 2022ರಲ್ಲಿ ಕೇಂದ್ರ ಸರ್ಕಾರವೇ ದರ ಗೊತ್ತು ಮಾಡಿತು. ಜಿಎಸ್‌ಟಿ ಸೇರಿದರೆ 8,700ರ ಹತ್ತಿರ. ಇದು ಎಲ್ಲಿ ಮಾಡಿಸಿದರೂ ಒಂದೇ. ಮಿಕ್ಕ 5,700ರಲ್ಲೇ ಆಟ. ನಿನ್ನ ಗಾಡಿಗೆ ಪೆಟ್ಟಾದರೆ ಕೊಡೋ ಭಾಗ, ಬಿಡಿಭಾಗದ ಸವಕಳಿ ಕಳೆಯದೆ ಕೊಡೋ ಜೀರೋ ಡೆಪ್, ರಸ್ತೆಯಲ್ಲಿ ಕೆಟ್ಟುನಿಂತರೆ ಸಹಾಯ, ಮಾಲೀಕನ 15 ಲಕ್ಷದ ಅಪಘಾತ ವಿಮೆ. ನಿನ್ನ ಕಾರಿನ ಜೊತೆಗೆ ಆ 15 ಲಕ್ಷದ್ದು ಆಗಲೇ ಇದೆ ಅಲ್ವಾ? ಹಾಗಿದ್ದ ಮೇಲೆ ಇನ್ನೊಂದು ಕಡ್ಡಾಯವಲ್ಲ. ಅದನ್ನ ಹೇಳಿದರಾ?

ಅಳಿಯ: ಹೇಳಲಿಲ್ಲ.

ಮಾವ: ಹೇಳಲ್ಲ. ಕಮಿಷನ್ ಇರೋದೇ ಈ ಭಾಗದಲ್ಲಿ. ಡೀಲರ್ ತನ್ನ ಹತ್ತಿರವೇ ವಿಮೆ ತಗೋಬೇಕು ಅಂತ ಗಿರಾಕಿಯನ್ನ ಬಲವಂತ ಮಾಡೋ ಹಾಗಿಲ್ಲ ಅಂತ ವಿಮಾ ಪ್ರಾಧಿಕಾರದ 2017ರ ಮಾರ್ಗಸೂಚಿಯೇ ಇದೆ. ಅದಕ್ಕೇ ಅವರು ಬಲವಂತ ಮಾಡಲಿಲ್ಲ. ಲೇಟಾಗಬಹುದು ಅಂದರು, ಅಷ್ಟೇ.

ಅಳಿಯ: ಮಾವ, ನೀವು ಅಲ್ಲೇ ಕೂತು ಇಂಥವೇ ಲೆಕ್ಕ ಬರೆದವರು. ಈಗ ನೋಡಿದರೆ ನನ್ನ ಕಡೆ ವಕೀಲರ ಥರ ಮಾತಾಡ್ತಿದ್ದೀರಿ.

ಮಾವ: ಲೆಕ್ಕ ಬರೆದವನಿಗೆ ಎರಡು ಕಡೆಯದೂ ಗೊತ್ತಿರುತ್ತೆ. ನಿನ್ನ ಕಡೆಯದು ಹೇಳಿ ಆಯ್ತು, ಈಗ ಅವರ ಕಡೆಯದು ಕೇಳು. ಷೋರೂಮು ಹಾಕಬೇಕು ಅಂದರೆ ಕಂಪನಿಗೆ ಠೇವಣಿ ಇಡಬೇಕು. ನೆಲಕ್ಕೆ ಯಾವ ಟೈಲ್ಸು, ಗೋಡೆಗೆ ಯಾವ ಬಣ್ಣ, ಸೋಫಾ ಹೇಗಿರಬೇಕು, ಬೋರ್ಡಿಗೆ ಎಷ್ಟು ಅಡಿ, ಎಲ್ಲಾ ಅವರೇ ಹೇಳೋದು. ದುಡ್ಡು ಮಾತ್ರ ನಮ್ಮ ಧಣಿಗಳದು. ಬ್ಯಾಂಕಿನ ಸಾಲದಲ್ಲಿ ಗಾಡಿ ತರಿಸೋದು, ಗೋಡೌನಿನಲ್ಲಿ ನಿಂತಷ್ಟು ದಿನವೂ ಬಡ್ಡಿ. ತಿಂಗಳ ಕೊನೇ ವಾರ ಕಂಪನಿಯ ಏರಿಯಾ ಮ್ಯಾನೇಜರ್ ಫೋನು: ‘ಇನ್ನು ನಲವತ್ತು ಗಾಡಿ ಎತ್ತಿ’. ಗಿರಾಕಿ ಇಲ್ಲ ಅಂದರೂ ಎತ್ತಬೇಕು. ಎತ್ತದೇ ಇದ್ದರೆ ಟಾರ್ಗೆಟ್ ಇನ್ಸೆಂಟಿವ್ ಹೋಗುತ್ತೆ, ಓಡೋ ಮಾಡೆಲ್ ಕೊಡದೆ ಓಡದ ಮಾಡೆಲ್ ಕಳಿಸ್ತಾರೆ. ಗಾಡಿಯೊಂದಕ್ಕೆ ಅಂತ ಬರೋ ಮಾರ್ಜಿನ್ ಬಾಡಿಗೆ, ಬಡ್ಡಿ, ಸಂಬಳಕ್ಕೇ ತೀರಿಹೋಗುತ್ತೆ. ಮನೆಗೆ ಒಯ್ಯೋ ಲಾಭ ವಿಮೆಯಿಂದ, ಸಾಲದ ಕಂಪನಿ ಕೊಡೋ ಪೇಔಟಿನಿಂದ, ಆಕ್ಸೆಸರೀಸಿನಿಂದ, ಸರ್ವಿಸಿನಿಂದ ಬರಬೇಕು.

ಅಳಿಯ: ಅಂದರೆ ಬೈಕು ಮಾರೋದು ನೆಪ.

ಮಾವ: ನೆಪ ಅನ್ನಬೇಡ. ಬೈಕಿಲ್ಲದೆ ಇದೊಂದೂ ಇಲ್ಲ. ಆದರೆ ಬೆಲೆಯ ಮೇಲೆ ಡೀಲರಿಗೆ ಹಿಡಿತ ಇದೆ ಅಂತ ನೀನು ತಿಳ್ಕೊಂಡಿದ್ದೀಯಲ್ಲ, ಅದು ಪೂರ್ತಿ ನಿಜ ಅಲ್ಲ. ಕಾರಿನದೊಂದು ಕೇಸು ಹೇಳ್ತೀನಿ. ತಾನು ಹೇಳಿದ್ದಕ್ಕಿಂತ ಜಾಸ್ತಿ ರಿಯಾಯಿತಿ ಕೊಡಬಾರದು ಅಂತ ಮಾರುತಿ ಕಂಪನಿ ತನ್ನ ಡೀಲರುಗಳನ್ನ ಕಟ್ಟಿಹಾಕಿತ್ತು. ಯಾರು ಕೊಡ್ತಾರೆ ಅಂತ ಪತ್ತೆ ಮಾಡೋಕೆ ಗಿರಾಕಿ ವೇಷದವರನ್ನ ಕಳಿಸ್ತಿತ್ತು. ಸಿಕ್ಕಿಬಿದ್ದ ಡೀಲರಿಗೆ ದಂಡ! ಇದನ್ನೆಲ್ಲ ವಿಚಾರಿಸಿ ಭಾರತೀಯ ಸ್ಪರ್ಧಾ ಆಯೋಗ 2021ರ ಆಗಸ್ಟಿನಲ್ಲಿ ಕಂಪನಿಗೆ 200 ಕೋಟಿ ದಂಡ ಹಾಕಿತು. ಕಂಪನಿ ಮೇಲ್ಮನವಿಗೆ ಹೋಯ್ತು, ಆ ಮಾತು ಬೇರೆ. ಗಿರಾಕಿಗೆ ಇನ್ನೂ ಸ್ವಲ್ಪ ಬಿಡೋಣ ಅನ್ನೋ ಡೀಲರನ್ನೂ ಬಿಡದ ಕಂಪನಿಗಳಿವೆ ಅಂತ ತಿಳೀಲಿ ಅಂತ ಹೇಳಿದೆ.

ಅಳಿಯ: ಹಾಗಂತ ಕಂಪನಿ ಹಿಂಡಿತು ಅಂತ ಇವರು ನಮ್ಮನ್ನ ಹಿಂಡಬೇಕಾ?

ಮಾವ: ಹಿಂಡಬಾರದು. ಯಾಕೆ ಹಿಂಡ್ತಾರೆ ಅಂತ ಗೊತ್ತಿದ್ದರೆ ಎಲ್ಲಿ ಕೈ ಹಿಡೀಬೇಕು ಅಂತಲೂ ಗೊತ್ತಾಗುತ್ತೆ. ಡೀಲರಿಗೆ ಕಾನೂನಿನ ರಕ್ಷಣೆಯೂ ಅಷ್ಟಕ್ಕಷ್ಟೇ. 2020ರ ಸೆಪ್ಟೆಂಬರಿನಲ್ಲಿ ಹಾರ್ಲೆ ಡೇವಿಡ್‌ಸನ್ ಭಾರತದ ಕಾರ್ಖಾನೆ ಮುಚ್ಚಿ ಹೊರಟಾಗ ಕೋಟಿಗಟ್ಟಲೆ ಸುರಿದು ಷೋರೂಮು ಕಟ್ಟಿದ್ದವರು ಕೈಚೆಲ್ಲಿ ಕೂತರು. ಡೀಲರನ್ನ ಕಂಪನಿ ಹೀಗೆ ನಡುದಾರಿಯಲ್ಲಿ ಬಿಟ್ಟರೆ ಅವನನ್ನ ಕಾಯೋಕೆ ಅಂತಲೇ ಮಾಡಿದ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ.

ಅಳಿಯ: ಅವರಿಗಾಗಿ ಅಯ್ಯೋ ಅನ್ನೋ ಮುಂಚೆ ಆವತ್ತು ನನ್ನ ಪಕ್ಕದ ಕುರ್ಚಿಯಲ್ಲಿ ನಡೆದದ್ದು ಕೇಳಿ. ನಂಜನಗೂಡಿನ ಕಡೆಯವರು, ಗಾರೆ ಕೆಲಸ ಮಾಡೋರು. ನನ್ನದೇ ಮಾಡೆಲ್, ನನ್ನದೇ ಬಣ್ಣ. ನಾನು 5,600ರ ಆಕ್ಸೆಸರೀಸ್ ಬೇಡ ಅಂದೆ, ಒಂದೇ ಮಾತಿಗೆ ಹೊಡೆದುಹಾಕಿದರು. ಎಕ್ಸ್‌ಟೆಂಡೆಡ್ ವಾರಂಟಿ, ವಾರ್ಷಿಕ ಸರ್ವಿಸ್ ಪ್ಯಾಕ್ ಸೇರಿ 2,400 ಇತ್ತು, ಅದೂ ಹೋಯ್ತು. ಅವರ ಚೀಟಿಯಲ್ಲಿ ಅವೆರಡೂ ಇದ್ದವು, ಮೇಲೆ ಟೆಫ್ಲಾನ್ ಕೋಟಿಂಗು. ಬೆಲೆ ಎಷ್ಟು ಅಂತ ಅವರು ಕೇಳಲೇ ಇಲ್ಲ. ತಿಂಗಳಿಗೆ ಎಷ್ಟು ಅಂತ ಕೇಳಿದರು.

ಮಾವ: ಹ್ಞಾಂ, ಈಗ ಬಂದೆ ನೋಡು ಜಾಗಕ್ಕೆ. ಸಾಲ ಎಷ್ಟು, ಕಂತು ಎಷ್ಟು?

ಅಳಿಯ: ಒಂದು ಲಕ್ಷ ಸಾಲ, ಮೂರು ವರ್ಷ. ತಿಂಗಳಿಗೆ 3,611. ‘ಬಡ್ಡಿ ಬರೀ 10 ಪರ್ಸೆಂಟ್ ಅಣ್ಣಾ’ ಅಂತಿದ್ದ ಷೋರೂಮಿನ ಮಾರಾಟದ ಹುಡುಗ.

ಮಾವ: ಫ್ಲಾಟ್ 10. ಮೊದಲ ತಿಂಗಳಿಂದ ಕೊನೇ ತಿಂಗಳವರೆಗೂ ಪೂರ್ತಿ ಲಕ್ಷಕ್ಕೇ ಬಡ್ಡಿ ಹಾಕ್ತಾರೆ. ಮೂರು ವರ್ಷಕ್ಕೆ 30 ಸಾವಿರ, ಅಸಲು ಸೇರಿಸಿ 36ರಿಂದ ಭಾಗಿಸು, 3,611 ಬರುತ್ತೆ. ಆದರೆ ಅವನು ತಿಂಗಳು ತಿಂಗಳೂ ಅಸಲು ತೀರಿಸ್ತಾ ಬಂದಿರ್ತಾನಲ್ಲ? ಎರಡನೇ ವರ್ಷ ಅವನ ಕೈಲಿ ಲಕ್ಷ ಎಲ್ಲಿರುತ್ತೆ? ಉಳಿದ ಅಸಲಿಗೆ ಮಾತ್ರ ಲೆಕ್ಕ ಹಾಕಿದರೆ ಆ ಹತ್ತು ಹತ್ತಿರ ಹತ್ತಿರ 18 ಆಗುತ್ತೆ. 2024ರ ಅಕ್ಟೋಬರಿನಿಂದ ಇಂಥ ಸಾಲಕ್ಕೆಲ್ಲ ವಾರ್ಷಿಕ ದರ, ಎಲ್ಲ ಶುಲ್ಕ ಸೇರಿಸಿ ಒಂದು ಹಾಳೆಯಲ್ಲಿ ಬರೆದುಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕ್ ಮಾಡಿದೆ. ಹಾಳೆ ಕೊಟ್ಟಿರ್ತಾರೆ. ಇಪ್ಪತ್ತು ಸಹಿಗಳ ಮಧ್ಯೆ ಅದೂ ಒಂದು ಸಹಿ.

ಅಳಿಯ: ನಾನು ಪೂರ್ತಿ ದುಡ್ಡು ಕೊಡ್ತೀನಿ ಅಂದಾಗ ಹುಡುಗನ ಮುಖ ಸ್ವಲ್ಪ ಬಾಡಿತು. ನಗದು ಕೊಡೋ ಗಿರಾಕಿ ಅಂದರೆ ಖುಷಿಯಾಗಬೇಕಿತ್ತಲ್ವಾ?

ಮಾವ: ನಿನ್ನಿಂದ ಅವನಿಗೆ ಏನು ಗಿಟ್ಟುತ್ತೆ? ಸಾಲ ಮಾಡಿಸಿದ್ದರೆ ಫೈನಾನ್ಸಿನಿಂದ ಷೋರೂಮಿಗೆ ಪೇಔಟ್ ಬರ್ತಿತ್ತು, ಅದರಲ್ಲಿ ಅವನಿಗೂ ಒಂದಿಷ್ಟು. ಆ ಹುಡುಗನ ಸಂಬಳ ಕೇಳಿದರೆ ನಿನಗೆ ನಾಚಿಕೆಯಾಗುತ್ತೆ. ಮನೆ ಬಾಡಿಗೆ ಕಟ್ಟೋದು ಇನ್ಸೆಂಟಿವಿನಿಂದ. ವಿಮೆ ಎಷ್ಟು ಮಾಡಿಸಿದೆ, ಆಕ್ಸೆಸರೀಸ್ ಎಷ್ಟು ಹಾಕಿಸಿದೆ ಅಂತ ಬೆಳಗಿನ ಮೀಟಿಂಗಿನಲ್ಲಿ ನಿಲ್ಲಿಸಿ ಕೇಳ್ತಾರೆ. ಗಾರೆ ಕೆಲಸದವನಿಗೆ ಮೋಸ ಮಾಡಬೇಕು ಅಂತ ಅವನೇನೂ ಎದ್ದು ಬಂದಿರಲ್ಲ. ಯಾರ ಹತ್ತಿರ ಆಗುತ್ತೋ ಅವರ ಹತ್ತಿರ ವಸೂಲಿ, ಅಷ್ಟೇ.

ಅಳಿಯ: ನೀವು ಇಷ್ಟು ಸಮಾಧಾನವಾಗಿ ಹೇಳ್ತೀರಲ್ಲ, ಅದೇ ನನಗೆ ಸಂಕಟ. ಅದೇ ದಿನ, ಅದೇ ಅಂಗಡಿ, ಅದೇ ಬೈಕು. ನನಗೊಂದು ಬೆಲೆ, ಅವರಿಗೊಂದು ಬೆಲೆ. ಇಂಗ್ಲಿಷಿನಲ್ಲಿರೋ ಚೀಟಿ ಓದೋಕೆ ಬಂದದ್ದಕ್ಕೆ ನನಗೆ ಎಂಟು ಸಾವಿರ ರಿಯಾಯಿತಿಯಾ?

ಮಾವ: ರಿಯಾಯಿತಿ ಅನ್ನಬೇಡ. ನಿನ್ನ ಹತ್ತಿರ ಬಿಟ್ಟದ್ದನ್ನ ಅವನ ಹತ್ತಿರ ತುಂಬಿಸ್ಕೊಂಡರು. ಡೀಲರುಗಳು ನ್ಯಾಯವಾಗಿ ನಡ್ಕೋತಾರಾ ಅಂತ ನನ್ನನ್ನ ಕೇಳಿದರೆ, ಕೇಳಿದವರ ಜೊತೆ ನಡ್ಕೋತಾರೆ ಅಂತೀನಿ. ನಿನಗೆ ಅನ್ಯಾಯ ಆಗಿಲ್ಲ, ಆಗೋದೂ ಇಲ್ಲ. ನೀನು ಇಷ್ಟು ಕೂಗಾಡೋದು ನೋಡಿದರೆ ನಗು ಬರುತ್ತೆ.

ಅಳಿಯ: ಆಕ್ಸೆಸರೀಸಿನಲ್ಲಿ ಹೆಲ್ಮೆಟ್, ಸೀರೆ ಗಾರ್ಡ್ ಸೇರಿಸಿದ್ದರು. ಅದನ್ನೂ ತೆಗೆಸಿಬಿಟ್ಟೆ.

ಮಾವ: ಅದು ತಪ್ಪು. ಅವೆರಡನ್ನ ಕಾಸು ಕೊಡದೆ ಕೇಳಿ ಇಸ್ಕೋಬೇಕಿತ್ತು. ಕೇಂದ್ರ ಮೋಟಾರು ವಾಹನ ನಿಯಮ 138ರಲ್ಲಿ, ದ್ವಿಚಕ್ರ ವಾಹನ ಕೊಳ್ಳುವಾಗ ಐಎಸ್‌ಐ ಹೆಲ್ಮೆಟನ್ನ ತಯಾರಕನೇ ಒದಗಿಸಬೇಕು ಅಂತಿದೆ. ಹಿಂದೆ ಕೂರೋರ ಬಟ್ಟೆ ಚಕ್ರಕ್ಕೆ ಸಿಕ್ಕದ ಹಾಗೆ ಅರ್ಧ ಚಕ್ರ ಮುಚ್ಚೋ ರಕ್ಷಣೆ ಇರಬೇಕು ಅಂತ 123ನೇ ನಿಯಮ. ನಮ್ಮ ಹೆಣ್ಣುಮಕ್ಕಳ ಸೆರಗು, ದುಪಟ್ಟ ಸಿಕ್ಕಿ ಎಷ್ಟು ಅನಾಹುತ ಆಗಿಲ್ಲ! ಅಂಥದ್ದನ್ನ ಸೀಟ್ ಕವರಿನ ಜೊತೆ ಅಲಂಕಾರದ ಪಟ್ಟಿಗೆ ಸೇರಿಸಿ ಮಾರ್ತಾರೆ.

ಅಳಿಯ: ಡೀಲರ್ ಅನ್ನೋನೇ ಇಲ್ಲದಿದ್ದರೆ? ಕಂಪನಿಯೇ ನೇರವಾಗಿ ಮಾರಿದರೆ ಈ ಕಮಿಷನ್ನು, ಪೇಔಟು ಯಾವುದೂ ಇರಲ್ಲ.

ಮಾವ: ಅದನ್ನೂ ನೋಡಿ ಆಯ್ತಲ್ಲ. ನಮ್ಮ ಬೆಂಗಳೂರಿನದೇ ಓಲಾ ಎಲೆಕ್ಟ್ರಿಕ್. ಡೀಲರ್ ಬೇಡ, ಫೋನಿನಲ್ಲೇ ಬುಕ್ ಮಾಡಿ, ನಮ್ಮದೇ ಷೋರೂಮು, ನಮ್ಮದೇ ಸರ್ವಿಸು ಅಂತ ಹೊರಟರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಒಂದು ವರ್ಷದಲ್ಲಿ 10,644 ದೂರು ಬಂದವು ಅಂತ 2024ರ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅವರಿಗೆ ನೋಟಿಸ್ ಕೊಟ್ಟಿತು. ನೂರಕ್ಕೆ 99 ದೂರು ಬಗೆಹರಿಸಿದ್ದೀವಿ ಅಂತ ಕಂಪನಿ ಉತ್ತರ ಕೊಟ್ಟಿತು. ಅದರ ಹಿಂದಿನ ತಿಂಗಳು ಕಲಬುರಗಿಯಲ್ಲಿ, ಸ್ಕೂಟರ್ ರಿಪೇರಿ ಮಾಡಿಕೊಡಲಿಲ್ಲ ಅನ್ನೋ ಸಿಟ್ಟಿಗೆ ಗಿರಾಕಿಯೊಬ್ಬ ಷೋರೂಮಿಗೇ ಬೆಂಕಿ ಇಟ್ಟ ಅಂತ ಪೊಲೀಸರು ಹಿಡಿದರು. ಬೆಂಕಿ ಇಟ್ಟದ್ದನ್ನ ಯಾರೂ ಸರಿ ಅನ್ನಲ್ಲ. ಆದರೆ ಊರಿನ ಡೀಲರಿನ ಮುಂದೆ ಹೋಗಿ ಕೂಗಾಡಬಹುದು, ಅವನ ಭಾವಮೈದುನನ ಕೈಲಿ ಹೇಳಿಸಬಹುದು. ಹೆಸರು ಕೆಡುತ್ತೆ ಅನ್ನೋ ಭಯ ಅವನಿಗಿರುತ್ತೆ. ಕಂಪನಿಯದೇ ಷೋರೂಮಿನಲ್ಲಿ ಕೂಗಾಡೋಕೆ ಒಬ್ಬ ಯಜಮಾನನೂ ಸಿಗಲ್ಲ.

ಅಳಿಯ: ಹಳೇ ಕಾಲ ಒಳ್ಳೇದಿತ್ತು ಅಂತೀರಿ.

ಮಾವ: ಅಯ್ಯೋ, ಯಾರು ಹೇಳಿದರು? ಇಲ್ಲೇ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇದ್ದಾಗ, 1961ರಿಂದ 1996ರವರೆಗೆ, ಈ ಊರಿಗೆ ಬೈಕ್ ಅಂದರೆ ಜಾವಾ, ಆಮೇಲೆ ಎಜ್ಡಿ. ಊರಿನದೇ ಗಾಡಿ ಅನ್ನೋ ಹೆಮ್ಮೆ ಇತ್ತು. ಸ್ಕೂಟರಿನ ಕಥೆ ಬೇರೆ. ಬಜಾಜ್ ಚೇತಕ್ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಸರದಿ ಬಂದವನು ಗಾಡಿ ಇಳಿಸ್ಕೊಂಡ ದಿನವೇ ಮೇಲೆ ದುಡ್ಡು ಇಟ್ಟು ಕೊಳ್ಳೋರು ಬಾಗಿಲಲ್ಲಿ ನಿಂತಿರೋರು. ಡೀಲರಿನ ಹತ್ತಿರ ಬೆಲೆ ಕೇಳೋ ಧೈರ್ಯ ಯಾರಿಗೂ ಇರಲಿಲ್ಲ. ಈಗ ರಸ್ತೆಗೆ ನಾಲ್ಕು ಷೋರೂಮು. ಪೈಪೋಟಿ ಇದೆ, ಆದರೆ ಜಾಹೀರಾತಿನ ಬೆಲೆಯಲ್ಲಿ ಮಾತ್ರ. ಅದರ ಕೆಳಗಿನ ಸಾಲುಗಳಲ್ಲಿ ನಾಲ್ವರೂ ಒಂದೇ.

ಅಳಿಯ: ಬೆಲೆ ಬಿಡಿ, ಒಂದು ಸಲ ಕೊಟ್ಟು ಮರೆತುಬಿಡಬಹುದು. ಸರ್ವಿಸು ವರ್ಷಗಟ್ಟಲೆ ಕಾಡುತ್ತೆ. ಹಳೇ ಬೈಕಿನ ಎರಡನೇ ಫ್ರೀ ಸರ್ವಿಸಿಗೆ ಬಿಲ್ಲು ಬಂದದ್ದು 1,340. ಫ್ರೀ ಅಂದರೆ ಏನರ್ಥ ಮಾವ?

ಮಾವ: ಕೂಲಿ ಫ್ರೀ. ಎಣ್ಣೆ, ಫಿಲ್ಟರು, ಗ್ರೀಸು ನಿಂದೇ. ಅಷ್ಟರವರೆಗೆ ನ್ಯಾಯ, ಪುಸ್ತಕದಲ್ಲೂ ಹಾಗೇ ಬರೆದಿರುತ್ತೆ. ಬೇರೆ ಏನೇನಿತ್ತು ಬಿಲ್ಲಿನಲ್ಲಿ?

ಅಳಿಯ: ಚೈನ್ ಸ್ಪ್ರೇ, ಪಾಲಿಷ್, ಇಂಜಿನ್ ಫ್ಲಶ್, ಕನ್ಸೂಮಬಲ್ಸ್ ಅಂತ ಒಂದು.

ಮಾವ: ಪಾಲಿಷ್ ಮಾಡಿದ ಗಾಡಿ ಮನೆಗೆ ಬರೋ ಹೊತ್ತಿಗೆ ಧೂಳು. ಹೊಸ ಇಂಜಿನ್ನಿಗೆ ಫ್ಲಶ್ ಬೇಡವೇ ಬೇಡ. ಕಂಪನಿ ಪುಸ್ತಕದ ಸರ್ವಿಸ್ ಪಟ್ಟಿಯಲ್ಲಿ ಇದೆಯಾ ಅಂತ ತೋರಿಸಿ ಅನ್ನು. ‘ಕನ್ಸೂಮಬಲ್ಸ್’ ಅಂದರೆ ಎಣ್ಣೆ ಒರೆಸೋ ಬಟ್ಟೆಯಿಂದ ಹಿಡಿದು ಏನು ಬೇಕಾದರೂ ಆಗಬಹುದು. ಜಾಬ್ ಕಾರ್ಡ್ ಬರೆಯೋ ಸೂಪರ್‌ವೈಸರಿಗೂ ಇದರ ಮೇಲೆ ಟಾರ್ಗೆಟ್ ಇರುತ್ತೆ. ನನಗೆ ಇದಕ್ಕಿಂತ ಬೇಜಾರು ಇನ್ನೊಂದು. ಒಬ್ಬ ಮೆಕ್ಯಾನಿಕ್ಕಿಗೆ ಬೆಳಿಗ್ಗೆ ಹತ್ತು ಗಾಡಿ ಹಂಚ್ತಾರೆ. ಸಂಜೆ ಐದಕ್ಕೆ ಹತ್ತೂ ವಾಟರ್ ವಾಶ್ ಆಗಿ ಹೊರಗಿರಬೇಕು. ಪುಸ್ತಕದಲ್ಲಿರೋ ಹಾಗೆ ಬ್ರೇಕ್ ಬಿಚ್ಚಿ, ಏರ್ ಫಿಲ್ಟರ್ ಊದಿ, ಕ್ಲಚ್ ಕೇಬಲ್ ನೋಡಿ, ಚೈನ್ ಬಿಗಿ ಮಾಡಿ, ನಟ್ಟುಗಳನ್ನ ಟಾರ್ಕಿಗೆ ತಕ್ಕ ಹಾಗೆ ಬಿಗಿಯೋಕೆ ಸಮಯ ಎಲ್ಲಿ? ಎಣ್ಣೆ ಬದಲಾಗುತ್ತೆ, ಗಾಡಿ ಹೊಳೆಯುತ್ತೆ, ಕಾರ್ಡಿನ ಎಲ್ಲ ಚೌಕಗಳಲ್ಲೂ ಟಿಕ್ ಬಿದ್ದಿರುತ್ತೆ. ನೀನು ಬ್ರೇಕ್ ಕಿರ್ರ್ ಅಂತಿದೆ ಅಂತ ಬರೆಸಿರ್ತೀಯ, ವಾಪಸ್ ಬರುವಾಗಲೂ ಅದೇ ಕಿರ್ರ್.

ಅಳಿಯ: ಅದೇ ನಮ್ಮ ಬೀದಿ ಗ್ಯಾರೇಜಿನವರು ಆ ಬ್ರೇಕನ್ನ ಅಲ್ಲೇ ನನ್ನ ಮುಂದೇ ಬಿಚ್ಚಿ, ಶೂ ಉಜ್ಜಿ ಸರಿಮಾಡಿದರು. ನೂರು ರೂಪಾಯಿ. ಎಲ್ಲರೂ ಅವರ ಹತ್ತಿರವೇ ಹೋಗಬಾರದಾ?

ಮಾವ: ಹೋಗ್ತಿದ್ದರು. ಕಾರ್ಬುರೇಟರ್ ಇರೋವರೆಗೂ ಎಜ್ಡಿ ರಿಪೇರಿ ಕಲಿತ ಕೈ ಯಾವ ಗಾಡಿಯನ್ನಾದರೂ ಬಿಚ್ಚೋದು. 2020ರ ಏಪ್ರಿಲಿನಲ್ಲಿ ಬಿಎಸ್-6 ಹೊಗೆ ನಿಯಮ ಬಂತು ನೋಡು, ಹೆಚ್ಚುಕಮ್ಮಿ ಎಲ್ಲಾ ಬೈಕಿಗೂ ಫ್ಯೂಯಲ್ ಇಂಜೆಕ್ಷನ್, ಸೆನ್ಸರು, ಇಸಿಯು. ಮೀಟರಿನಲ್ಲಿ ಹಳದಿ ದೀಪ ಹತ್ತಿದರೆ ಯಾಕೆ ಅಂತ ಹೇಳೋಕೆ ಸ್ಕ್ಯಾನರ್ ಬೇಕು. ಕಂಪನಿಯ ಸ್ಕ್ಯಾನರು, ಅದರ ತಂತ್ರಾಂಶ ಇರೋದು ಡೀಲರಿನ ಹತ್ತಿರ. ಗ್ಯಾರೇಜಿನವನ ಕೈಗೆ ಬುದ್ಧಿ ಇದೆ, ಬೀಗದ ಕೈ ಇಲ್ಲ. ಹೊರಗಡೆ ಮುಟ್ಟಿಸಿದರೆ ವಾರಂಟಿ ಹೋಗುತ್ತೆ ಅನ್ನೋ ಬೆದರಿಕೆ ಬೇರೆ.

ಅಳಿಯ: ಹೋಗುತ್ತಾ?

ಮಾವ: ಹೊರಗಿನವನು ಮಾಡಿದ ಕೆಲಸದಿಂದಲೇ ಆ ಭಾಗ ಕೆಟ್ಟಿದ್ದರೆ ಅವರ ಮಾತು ನಿಲ್ಲುತ್ತೆ. ಪಂಕ್ಚರ್ ಹಾಕಿಸಿದ್ದಕ್ಕೆ ಇಂಜಿನ್ ವಾರಂಟಿ ಇಲ್ಲ ಅಂದರೆ ನಿಲ್ಲಬಾರದು. 2014ರಲ್ಲಿ ಇದೇ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ದಂಡ ಹಾಕಿದ್ದು ಇಂಥದ್ದಕ್ಕೇ. ಬಿಡಿಭಾಗ, ಸ್ಕ್ಯಾನರು, ರಿಪೇರಿ ಮಾಹಿತಿ ಹೊರಗಿನ ಮೆಕ್ಯಾನಿಕ್ಕುಗಳಿಗೆ ಸಿಗದ ಹಾಗೆ ಮಾಡಿದ್ದಾರೆ, ಹೊರಗೆ ಹೋದವರ ವಾರಂಟಿ ಕಿತ್ಕೋತಾರೆ ಅಂತ. ಕಂಪನಿಗಳು ಕೋರ್ಟಿಗೆ ಹೋದವು. ಬೈಕಿನವರು ಆ ಪಟ್ಟಿಯಲ್ಲಿ ಇರಲಿಲ್ಲ. ಬಿಎಸ್-6 ಆದ ಮೇಲೆ ಇವರೂ ಅದೇ ದಾರಿ ಹಿಡಿದಿದ್ದಾರೆ ಅಂತ ನನ್ನ ಅನಿಸಿಕೆ. ಬೆಲೆಗಿಂತ ದೊಡ್ಡ ಅನ್ಯಾಯ ಇದು ಕಣೋ. ಅಗ್ಗವಾಗಿ, ಕಣ್ಣ ಮುಂದೆ ಕೆಲಸ ಮಾಡಿಕೊಡೋನೊಬ್ಬ ಬೀದಿಗೊಬ್ಬನಂತೆ ಇದ್ದ. ಅವನು ಇದ್ದಾನೆ ಅನ್ನೋ ಹೆದರಿಕೆಯಿಂದಲೇ ಷೋರೂಮಿನವರೂ ಒಂದು ಮಿತಿಯಲ್ಲಿ ಇರ್ತಿದ್ದರು.

ಅಳಿಯ: ಒಳ್ಳೇ ಡೀಲರೇ ಇಲ್ಲ ಅಂತಲಾ?

ಮಾವ: ಇದ್ದಾರೆ. ನಮ್ಮ ಹಳೇ ಧಣಿಗಳು ಒಬ್ಬರು, ಪ್ರತಿ ಸಾಲಿಗೂ ಬೇರೆ ರಸೀದಿ ಕೊಡಿ ಅಂತ ಕೌಂಟರಿನವರಿಗೆ ಹೇಳಿಬಿಟ್ಟಿದ್ದರು. ತೆರಿಗೆ ಕಟ್ಟಿದ ರಸೀದಿ, ವಿಮೆ ಪಾಲಿಸಿ, ಆಕ್ಸೆಸರೀಸ್ ಬಿಲ್ಲು ಎಲ್ಲಾ ಬೇರೆ ಬೇರೆ. ರಸೀದಿ ಇಲ್ಲದ ದುಡ್ಡು ತಗೊಳ್ಳೋ ಹಾಗಿಲ್ಲ. ಸರ್ವಿಸಿನಲ್ಲಿ ಬದಲಾಯಿಸಿದ ಹಳೇ ಬ್ರೇಕ್ ಶೂ, ಹಳೇ ಕೇಬಲ್ಲು ಕವರಿನಲ್ಲಿ ಹಾಕಿ ಗಿರಾಕಿ ಕೈಗೆ ಕೊಡಬೇಕು. ಲಾಭ ಕಮ್ಮಿ ಇತ್ತು, ಮುಳುಗಲಿಲ್ಲ. ಆಯುಧ ಪೂಜೆಗೆ ಅವರ ಅಂಗಡಿ ಮುಂದೆ ನಿಲ್ಲೋಕೆ ಜಾಗ ಇರ್ತಿರಲಿಲ್ಲ. ಹಳ್ಳಿಯವರು ಅಣ್ಣತಮ್ಮಂದಿರನ್ನ ಕರ್ಕೊಂಡು ವಾಪಸ್ ಬರೋರು.

ಅಳಿಯ: ಅಂಥವರು ಸಿಗದಿದ್ದರೆ?

ಮಾವ: ಒಂದು ವಸ್ತು ಕೊಡಬೇಕಾದರೆ ಇನ್ನೊಂದನ್ನ ಕೊಳ್ಳಲೇಬೇಕು ಅನ್ನೋದು 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲೇ ಹೆಸರಿಸಿರೋ ನಿರ್ಬಂಧಕ ವ್ಯಾಪಾರ ಪದ್ಧತಿ. ಆಕ್ಸೆಸರೀಸ್ ತಗೊಂಡರೆ ಮಾತ್ರ ಈ ವಾರ ಡೆಲಿವರಿ ಅಂದರೆ ಅದೂ ಅದರಲ್ಲೇ ಬಂತು. ಮೊದಲು ಕಂಪನಿಗೆ ಇಮೇಲ್ ಬರಿ, ಡೀಲರಿಗೆ ಒಂದು ಪ್ರತಿ ಹಾಕು. ಕಂಪನಿಯಿಂದ ಫೋನು ಬಂದರೆ ಡೀಲರಿಗೆ ನಡುಕ. ಅದಕ್ಕೂ ಬಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡು. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು, ವಕೀಲರಿಲ್ಲದೆ ನೀನೇ ವಾದ ಮಾಡಬಹುದು. ಕಾಗದ ಒಂದೂ ಕಳೀಬೇಡ, ಈ ಕೊಟೇಶನ್ನನ್ನೂ ಇಟ್ಟುಕೋ.

ಅಳಿಯ: ನನ್ನ ಕೈಲಿ ಇದೆಲ್ಲ ಆಗುತ್ತೆ. ಆ ಗಾರೆ ಕೆಲಸದವರು ಒಂದು ದಿನದ ಕೂಲಿ ಬಿಟ್ಟು ಆಯೋಗಕ್ಕೆ ಬರ್ತಾರಾ ಮಾವ?

ಮಾವ: ಬರಲ್ಲ. ಅದಕ್ಕೇ ಷೋರೂಮಿನ ಗೋಡೆ ಮೇಲೆ ಬೆಲೆಪಟ್ಟಿ ಬೇಕು ಅನ್ನೋದು ನಾನು. ಯಾವ ಮಾಡೆಲಿಗೆ ಎಕ್ಸ್ ಷೋರೂಮ್ ಎಷ್ಟು, ತೆರಿಗೆ ಎಷ್ಟು, ಕಡ್ಡಾಯ ವಿಮೆ ಎಷ್ಟು, ಕಡ್ಡಾಯ ಅಲ್ಲದ್ದು ಯಾವುದು, ಎಲ್ಲಾ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಹೋಟೆಲಿನಲ್ಲಿ ಇಡ್ಲಿ ವಡೆಗೆ ಹಾಕಲ್ವಾ, ಹಾಗೆ. ಸಾರಿಗೆ ಇಲಾಖೆ ಒಂದು ಆದೇಶ ಹೊರಡಿಸಿ, ಅದನ್ನ ಹಾಕದವರಿಗೆ ಟ್ರೇಡ್ ಸರ್ಟಿಫಿಕೇಟ್ ನವೀಕರಿಸಲ್ಲ ಅಂದರೆ ಒಂದು ತಿಂಗಳಲ್ಲಿ ಊರಿನ ಎಲ್ಲಾ ಗೋಡೆ ಮೇಲೂ ಬರುತ್ತೆ. ಅಲ್ಲಿವರೆಗೆ ನಿನ್ನಂಥವರು ಮಾಡಬಹುದಾದ್ದು ಒಂದಿದೆ. ನಾಳೆ ಹೋದಾಗ ಮ್ಯಾನೇಜರಿನ ಗಾಜಿನ ಕೋಣೆಗೆ ಹೋಗಿ ಪಿಸುಗುಟ್ಟಿ ನಿನ್ನ ಎರಡು ಸಾವಿರ ಇಳಿಸ್ಕೊಂಡು ಬರಬೇಡ. ಹೊರಗಿನ ಕೌಂಟರಿನಲ್ಲೇ ಕೂತು, ಈ ದುಡ್ಡು ಯಾಕೆ, ಇದರ ರಸೀದಿ ಎಲ್ಲಿ ಅಂತ ಒಂದೊಂದಾಗಿ ಕೇಳು. ಕನ್ನಡದಲ್ಲಿ ಕೇಳು, ಪಕ್ಕದಲ್ಲಿ ಕೂತವರಿಗೂ ಕೇಳಿಸೋ ಹಾಗೆ ಗಟ್ಟಿಯಾಗಿ ಕೇಳು.